ಎರಡು ಲಿಸ್ಟ್‌ಗಳಲ್ಲೂ ಇರುವುದನ್ನು ಮಾತ್ರ ಹೆಕ್ಕೋದು ಹೇಗೆ? ನಿಮ್ಮ ಅನುಭವ ಹೇಳಿ

ಪ್ರಶ್ನೆ: ಹ್ಯಾಸ್ಕೆಲ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಿದ್ದೇನೆ. ನನ್ನ ಹತ್ತಿರ ಎರಡು ಲಿಸ್ಟ್ ಇವೆ, ಎರಡರಲ್ಲೂ ಇರುವ ಐಡಿಗಳು ಬೇಕು. ಇಷ್ಟು ದಿನ ಲೂಪ್ ಒಳಗೆ ಲೂಪ್ ಹಾಕಿ ಅಭ್ಯಾಸ, ಇಲ್ಲಿ ನೋಡಿದರೆ ಲೂಪೇ ಇಲ್ಲ. ನೀವೆಲ್ಲ ಏನು ಮಾಡುತ್ತೀರಿ?

ಉತ್ತರ 1: ಹ್ಯಾಸ್ಕೆಲ್‌ನ ಡೇಟಾ.ಲಿಸ್ಟ್ ಲೈಬ್ರರಿಯಲ್ಲಿ ಇಂಟರ್‌ಸೆಕ್ಟ್ ಅನ್ನೋ ಫಂಕ್ಷನ್ ಇದೆ. ಚಿಕ್ಕ ಲಿಸ್ಟ್‌ಗೆ ಅದೇ ಸಾಕು. ಆದರೆ ಅದಕ್ಕೆ [1,2,2,3,4] ಮತ್ತು [6,4,4,2] ಕೊಟ್ಟು ನೋಡಿ, [2,2,4] ಬರುತ್ತದೆ. ಮೊದಲ ಲಿಸ್ಟ್‌ನ ಎರಡೂ 2 ಉಳಿದವು, ಎರಡನೆಯದರಲ್ಲಿ 4 ಎಷ್ಟು ಸಲ ಇದೆ ಅಂತ ಕೇಳುವವರೇ ಇಲ್ಲ. ಲಿಸ್ಟ್‌ಗಳನ್ನು ಅದಲು ಬದಲು ಮಾಡಿದರೆ [4,4,2]. ಶಾಲೆಯ ಗಣಿತದಲ್ಲಿ ಛೇದನಕ್ಕೆ ಎಡ ಬಲ ಇರಲಿಲ್ಲ, ಅಲ್ವಾ? ಇದು ಗೊತ್ತಾಗದೆ ಒಂದು ಟೆಸ್ಟ್ ಹಿಂದೆ ಅರ್ಧ ದಿನ ಕಳೆದಿದ್ದೇನೆ.

ಉತ್ತರ 2: ಸ್ಕಾಲಾ ಭಾಷೆಯಲ್ಲೂ ಹೆಸರು ಇಂಟರ್‌ಸೆಕ್ಟೇ, ನಡತೆ ಬೇರೆ. ಅಲ್ಲಿ ಎಣಿಕೆ ನಡೆಯುತ್ತದೆ. ಒಂದರಲ್ಲಿ 2 ಮೂರು ಸಲ, ಇನ್ನೊಂದರಲ್ಲಿ ಒಂದೇ ಸಲ ಇದ್ದರೆ ನಿಮಗೆ ಸಿಗುವುದು ಒಂದೇ 2.

ಉತ್ತರ 3: ನನಗೆ ಪೆಟ್ಟು ಬಿದ್ದದ್ದು ವೇಗದಲ್ಲಿ. ಎರಡೂ ಕಡೆ 40,000 ಐಟಂ. ಒಂದೊಂದನ್ನೂ ಇನ್ನೊಂದು ಲಿಸ್ಟ್‌ನಲ್ಲಿ ಹುಡುಕಿದರೆ 160 ಕೋಟಿ ಹೋಲಿಕೆವರೆಗೆ ಹೋಗುತ್ತದೆ. ಸರಿ, ಸೆಟ್ (ಒಂದು ಐಟಂ ಒಂದೇ ಸಲ ಇರುವ, ಬೇಗ ಹುಡುಕಬಹುದಾದ ಸಂಗ್ರಹ) ಬಳಸೋಣ ಅಂತ ಸ್ಕಾಲಾದಲ್ಲಿ ಲಿಸ್ಟನ್ನು ಸೆಟ್ ಮಾಡುವ ಟುಸೆಟ್ ಹಾಕಿದೆ. ಆಮೇಲೂ ನಿಧಾನ, ಮೊದಲಿಗಿಂತ ಜಾಸ್ತಿ! ನೋಡಿದರೆ ಟುಸೆಟ್ ಅನ್ನು ಫಿಲ್ಟರ್‌ನ (ಬೇಕಾದ ಐಟಂ ಮಾತ್ರ ಉಳಿಸುವ ಫಂಕ್ಷನ್) ಲ್ಯಾಂಬ್ಡಾ ಒಳಗೆ, ಅಂದರೆ ಪ್ರತಿ ಐಟಂಗೂ ಓಡುವ ಹೆಸರಿಲ್ಲದ ಚಿಕ್ಕ ಫಂಕ್ಷನ್ ಒಳಗೆ ಬರೆದಿದ್ದೆ. ಪ್ರತಿ ಐಟಂಗೂ ಹೊಸದಾಗಿ ಸೆಟ್ ಕಟ್ಟುತ್ತಿತ್ತು, ಪಾಪ. ಒಂದು ಸಾಲು ಮೇಲಕ್ಕೆ ತಂದು ಹೆಸರಿಟ್ಟ ಮೇಲೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು.

ಉತ್ತರ 4: ಕ್ಲೋಜರ್ ಭಾಷೆ ಬಳಸುವವರಿಗೆ ಒಂದು ಮಾತು. ಸೆಟ್ ಅನ್ನೇ ಫಂಕ್ಷನ್ ಥರ ಫಿಲ್ಟರ್‌ಗೆ ಕೊಡಬಹುದು, ಚೆನ್ನಾಗಿರುತ್ತದೆ. ಆದರೆ ಸೆಟ್ ವಾಪಸ್ ಕೊಡೋದು ಸಿಕ್ಕ ಐಟಂ ಅನ್ನೇ. ಆ ಐಟಂ ಫಾಲ್ಸ್ (ಸುಳ್ಳು) ಅಥವಾ ನಿಲ್ (ಏನೂ ಇಲ್ಲ) ಆಗಿದ್ದರೆ, ಫಿಲ್ಟರ್ ಅದನ್ನು ಇಲ್ಲ ಅಂತಲೇ ಓದುತ್ತದೆ, ಸಿಕ್ಕರೂ ಸಿಗದ ಹಾಗೆ ಬಿದ್ದುಹೋಗುತ್ತದೆ.

ಪ್ರಶ್ನೆ ಕೇಳಿದವರು: ನನ್ನ ಐಡಿಗಳು ಎರಡು ಸಲ ಬರುವುದಿಲ್ಲ. ಆದರೆ ಮೊದಲ ಲಿಸ್ಟ್‌ನ ಕ್ರಮ ಹಾಗೇ ಉಳಿಯಬೇಕು.

ಉತ್ತರ 1: ಹಾಗಾದರೆ ಎರಡನ್ನೂ ಸೆಟ್ ಮಾಡಬೇಡಿ. ಡೇಟಾ.ಸೆಟ್‌ನ ಇಂಟರ್‌ಸೆಕ್ಷನ್‌ನಿಂದ ಲಿಸ್ಟ್‌ಗೆ ವಾಪಸ್ ಬಂದಾಗ ಎಲ್ಲ ಏರಿಕೆ ಕ್ರಮದಲ್ಲಿರುತ್ತದೆ, ನಿಮ್ಮ ಕ್ರಮ ಹೋಯಿತು. ಎರಡನೆಯದನ್ನು ಮಾತ್ರ ಫ್ರಮ್‌ಲಿಸ್ಟ್‌ನಿಂದ ಸೆಟ್ ಮಾಡಿ ವೇರ್‌ನಲ್ಲಿ (ಫಂಕ್ಷನ್ ಕೆಳಗೆ ಹೆಸರಿಡುವ ಜಾಗ) ಇಡಿ, ಮೊದಲನೆಯದನ್ನು ಮೆಂಬರ್‌ನಿಂದ (ಸೆಟ್‌ನಲ್ಲಿ ಇದೆಯಾ ಅಂತ ನೋಡುವ ಫಂಕ್ಷನ್) ಫಿಲ್ಟರ್ ಮಾಡಿ. ಐಡಿ ನಿಮ್ಮದೇ ಹೊಸ ಟೈಪ್ ಆಗಿದ್ದರೆ ಈಕ್ಯೂ (ಸಮಾನವಾ ಅಂತ ನೋಡುವುದು) ಜೊತೆ ಆರ್ಡ್ (ದೊಡ್ಡದು ಚಿಕ್ಕದು ಹೋಲಿಸುವುದು) ಕೂಡ ಡಿರೈವ್ ಮಾಡಿ, ಅಂದರೆ ಕಂಪೈಲರ್‌ನಿಂದಲೇ ಬರೆಸಿ, ಇಲ್ಲದಿದ್ದರೆ ಕಂಪೈಲರ್ ಬಿಡುವುದಿಲ್ಲ.