ಅಟ್ಟ ಹತ್ತುವ ಇದು ಏಣಿಯೋ, ಮೆಟ್ಟಿಲೋ?

ಅಟ್ಟಕ್ಕೆ ಹತ್ತಲು ಏನಾದರೂ ಮಾಡಿಸೋಣ ಅಂತ ಹೊರಟವನು ಪದದಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ. ಬಡಗಿಗೆ ‘ಏಣಿ’ ಅಂದೆ, ಗೋಡೆಗೆ ಒರಗಿಸುವಂಥದ್ದಕ್ಕೆ ಅಳತೆ ತೆಗೆದರು. ‘ಮೆಟ್ಟಿಲು’ ಅಂದೆ, ಜಾಗ ಸಾಲದು ಅಂದರು. ನನಗೆ ಬೇಕಿರುವುದು ಎರಡರ ನಡುವಿನದು.

ಅಟ್ಟ 2.4 ಮೀಟರ್ ಎತ್ತರದಲ್ಲಿದೆ. 35 ಡಿಗ್ರಿಯ ಮಾಮೂಲಿ ಮೆಟ್ಟಿಲು ಕಟ್ಟಿದರೆ ನೆಲದಲ್ಲಿ ಸುಮಾರು 3.4 ಮೀಟರ್ ನುಂಗುತ್ತದೆ. ಒರಗಿಸುವ ಏಣಿಗೆ ನಾಲ್ಕು ಪಾಲು ಎತ್ತರಕ್ಕೆ ಒಂದು ಪಾಲು ಹೊರಗೆ ಅನ್ನುವ ಲೆಕ್ಕ, ಅಂದರೆ 60 ಸೆಂಟಿಮೀಟರ್ ಸಾಕು. ಇವೆರಡರ ನಡುವೆ 60 ಡಿಗ್ರಿಯಲ್ಲಿ ನಿಲ್ಲಿಸುವ ಇನ್ನೊಂದು ಬಗೆ ಇದೆ, 1.4 ಮೀಟರಲ್ಲಿ ಮುಗಿಯುತ್ತದೆ. ಇದರಲ್ಲಿ ಒಂದು ಹಲಗೆಯ ಎಡಭಾಗ ಕೊರೆದು ತೆಗೆದಿದ್ದರೆ ಮುಂದಿನದರ ಬಲಭಾಗ ಕೊರೆದಿರುತ್ತಾರೆ, ಹಾಗಾಗಿ ಇಷ್ಟು ಕಡಿದಾಗಿದ್ದರೂ ಪಾದ ಊರಲು ಜಾಗ ಸಿಗುತ್ತದೆ, ಇಳಿಯುವಾಗ ಹಿಮ್ಮಡಿ ಮೇಲಿನ ಹಲಗೆಗೆ ತಗಲುವುದಿಲ್ಲ.

ಹೆಸರಲ್ಲೇನಿದೆ ಅನ್ನಬೇಡಿ. ಏಣಿ ಅಂದರೆ ಅದರ ಕಡೆ ಮುಖ ಮಾಡಿ, ಎರಡೂ ಕೈಯಲ್ಲಿ ಹಿಡಿದು ಇಳಿಯುತ್ತೇವೆ. ಮೆಟ್ಟಿಲು ಅಂದರೆ ಬೆನ್ನು ಹಾಕಿ, ಕೈಯಲ್ಲೊಂದು ಡಬ್ಬ ಹಿಡಿದುಕೊಂಡೇ ಇಳಿಯುತ್ತೇವೆ, ಅಲ್ವಾ? ಅಟ್ಟದಿಂದ ಬಿಚ್ಚಿಕೊಳ್ಳುವ ಮಡಚುವ ಏಣಿಯೊಂದನ್ನು ಯಾರೋ ‘ಮೆಟ್ಟಿಲು’ ಅಂದಿದ್ದನ್ನು ನಂಬಿ ನಾನು ಹಾಗೇ ಇಳಿದೆ. ಕೊನೆಯ ಮೂರನ್ನು ಕೂತುಕೊಂಡೇ ಇಳಿಯಬೇಕಾಯಿತು.

ಈಗಿರುವ ಪದಗಳನ್ನು ನೋಡಿದೆ. ‘ನಿಚ್ಚಣಿಕೆ’ ಕೇಳಲು ಚಂದ, ಆದರೆ ಅದೂ ಏಣಿಯೇ. ‘ಪಾವಟಿಗೆ’ ಉತ್ತರ ಕರ್ನಾಟಕದ ಕಡೆ ಮೆಟ್ಟಿಲಿಗೇ ಹೇಳುವ ಮಾತು. ‘ಅರೆಮೆಟ್ಟಿಲು’ ಅಂದರೆ ಎತ್ತರ ಅರ್ಧ ಅನ್ನಿಸುತ್ತದೆ. ‘ಒಂಟಿಗಾಲ ಮೆಟ್ಟಿಲು’ ಅಂದರೆ ಕುಂಟಿಕೊಂಡು ಹತ್ತಬೇಕೇನೋ ಅಂತ ಹೆದರುತ್ತಾರೆ. (ಮಡಚುವುದಕ್ಕೆ ‘ಮಡಿಕೆ ಏಣಿ’ ಅಂತ ಒಬ್ಬರು ಸೂಚಿಸಿದರು, ನನಗೆ ಕುಂಬಾರನೇ ನೆನಪಾದ.)

ಸದ್ಯಕ್ಕೆ ನನ್ನ ಮನಸ್ಸು ‘ಎಡಬಲ ಮೆಟ್ಟಿಲು’ ಕಡೆ ವಾಲಿದೆ. ಇದರಲ್ಲಿ ಮೊದಲ ಹೆಜ್ಜೆಗೆ ತಪ್ಪು ಕಾಲಿಟ್ಟರೆ ಮುಂದಿನ ಹೆಜ್ಜೆಗೆ ಹಲಗೆಯೇ ಇರುವುದಿಲ್ಲ, ಅದನ್ನು ಹೆಸರೇ ನೆನಪಿಸುತ್ತದೆ. ಮುಂದಕ್ಕೆ ಮುಖ ಮಾಡಿ, ಪಕ್ಕದ ಕಂಬಿ ಹಿಡಿದು ಇಳಿಯುವುದು ಕೂಡ ‘ಮೆಟ್ಟಿಲು’ ಅನ್ನುವುದರಲ್ಲೇ ಬಂತು.

ಇನ್ನೊಂದು ತೊಡಕು. ಏಣಿಯ ಅಡ್ಡಪಟ್ಟಿಗೂ ‘ಮೆಟ್ಟಿಲು’, ಕಟ್ಟಿದ ಇಡೀ ಸಾಲಿಗೂ ‘ಮೆಟ್ಟಿಲು’ ಅನ್ನುತ್ತೇವೆ. ಸುಮ್ನೆ ‘ಹನ್ನೊಂದು ಮೆಟ್ಟಿಲು’ ಅಂತ ಬರೆದುಕೊಟ್ಟರೆ ಬಡಗಿ ಕೊರೆಯದ ಹಲಗೆಗಳನ್ನೇ ತಂದಾರು. ಒಂದೊಂದು ಹಲಗೆಗೆ ‘ಮೆಟ್ಟು’ ಅನ್ನಬಹುದೇ, ಅಥವಾ ಚಪ್ಪಲಿ ಅಂದುಕೊಳ್ಳುತ್ತಾರಾ? ನಿಮ್ಮ ಕಡೆಯ ಬಡಗಿಗಳು ಏನನ್ನುತ್ತಾರೆ ಹೇಳಿ.