ಅಪ್‌ಡೇಟ್: ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇಲ್ಲದೆ ನರ್ಸಿಂಗ್ ಲೈಸೆನ್ಸ್

ಎಚ್-4 ವೀಸಾದಲ್ಲಿರುವ (ಅಮೆರಿಕದಲ್ಲಿ ಎಚ್-1ಬಿ ವೀಸಾದವರ ಕುಟುಂಬಕ್ಕೆ ಸಿಗುವ ವೀಸಾ) ನಾನು, ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ, ಅಂದರೆ ಅಲ್ಲಿನ ಸರ್ಕಾರ ಕೊಡುವ ಗುರುತಿನ ಸಂಖ್ಯೆ, ಇಲ್ಲದೆಯೇ ಕ್ಯಾಲಿಫೋರ್ನಿಯಾದಲ್ಲಿ ನರ್ಸಿಂಗ್ ಲೈಸೆನ್ಸ್‌ಗೆ ಅರ್ಜಿ ಹಾಕಬಹುದೇ ಎಂದು ಹಿಂದೆ ಕೇಳಿದ್ದೆ. ಹಾಕಬಹುದು, ಹಾಕಿದೆ. ಕಳೆದ ವಾರ ನರ್ಸಿಂಗ್ ಲೈಸೆನ್ಸ್‌ಗೆ ಬೇಕಾದ ಎನ್‌ಕ್ಲೆಕ್ಸ್ ಪರೀಕ್ಷೆಯನ್ನೂ ಪಾಸು ಮಾಡಿದೆ!

ನಿಮ್ಮಲ್ಲೊಬ್ಬರು ಹೇಳಿದ ಮಾತೇ ನಿಜವಾಯಿತು. 2014ರಲ್ಲಿ ಅಂಗೀಕಾರವಾದ ರಾಜ್ಯದ ಕಾನೂನಿನಿಂದಾಗಿ, ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇಲ್ಲದವರು ತೆರಿಗೆ ಇಲಾಖೆ ಕೊಡುವ ಐಟಿಐಎನ್ ಸಂಖ್ಯೆಯನ್ನೇ ಕೊಡಬಹುದು. ವಲಸೆ ಸ್ಥಿತಿಯ ಕಾರಣಕ್ಕೆ ರಾಜ್ಯದ ನರ್ಸಿಂಗ್ ಮಂಡಳಿ ಲೈಸೆನ್ಸ್ ನಿರಾಕರಿಸುವಂತಿಲ್ಲ. ಆದರೆ ಎಲ್ಲ ರಾಜ್ಯಗಳಲ್ಲೂ ಹೀಗಿಲ್ಲ. 1996ರ ಫೆಡರಲ್ ಕಾನೂನು ದಾಖಲೆಗಳಿಲ್ಲದ ವಲಸಿಗರಿಗೆ ವೃತ್ತಿ ಲೈಸೆನ್ಸ್ ಕೊಡುವುದನ್ನು ತಡೆಯುತ್ತದೆ. ಕೊಡಬೇಕೆಂದರೆ ರಾಜ್ಯವೇ ಪ್ರತ್ಯೇಕ ಕಾನೂನು ಮಾಡಬೇಕು.

ನನ್ನನ್ನು ನಿಜವಾಗಿ ಸತಾಯಿಸಿದ್ದು ಅಂಕಪಟ್ಟಿ. ಅದನ್ನು ನಾವು ಕಳುಹಿಸಿದರೆ ನಡೆಯದು, ಕಾಲೇಜೇ ನೇರವಾಗಿ ಮಂಡಳಿಗೆ ಕಳುಹಿಸಬೇಕು. ನಾನು ಓದಿದ ಕಾಲೇಜಿನ ಕಚೇರಿ ಏಳು ತಿಂಗಳು ಎಳೆಯಿತು. ಕೊನೆಗೆ ತಂಗಿ ಅಲ್ಲಿಗೇ ಹೋಗಿ ಕುಳಿತಳು, ಅವಳ ಋಣ ದೊಡ್ಡದು. ದಯವಿಟ್ಟು ಈ ಕೆಲಸವನ್ನು ಎಲ್ಲಕ್ಕಿಂತ ಮೊದಲು ಶುರು ಮಾಡಿ.

ಇನ್ನೊಂದು ಮಾತು. ಲೈಸೆನ್ಸ್ ಎಂದರೆ ಕೆಲಸದ ಅನುಮತಿಯಲ್ಲ. ಅದು ಬೇರೆಯೇ ಅರ್ಜಿ, ಅದಕ್ಕಾಗಿ ಇನ್ನೂ ಕಾಯುತ್ತಿದ್ದೇನೆ. ಹತ್ತು ವರ್ಷ ವಾರ್ಡಿನಲ್ಲಿ ದುಡಿದವಳಿಗೆ ಈ ಕಾಯುವಿಕೆ ಕಷ್ಟವೇ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು.