ಅಪ್‌ಡೇಟ್: ಅಪ್ಪ ‘ಗೊನೆ’ ಎಂದರು

ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡ ಅಪ್ಪನಿಗೆ ಮಿದುಳಿನ ವಿದ್ಯುತ್ ಪ್ರಚೋದನೆ ಕೊಡಿಸಬಹುದೇ ಎಂದು ಮಳೆಗಾಲದಲ್ಲಿ ಇಲ್ಲಿ ಕೇಳಿದ್ದೆ. ಕೊಡಿಸಿದೆವು. ಬೆಂಗಳೂರಿನ ಅತ್ತೆಯ ಮನೆಯಲ್ಲಿ ಮೂರು ವಾರ ಉಳಿದು, ಈಗ ತೀರ್ಥಹಳ್ಳಿಗೆ ಮರಳಿದ್ದೇವೆ.

‘ತಲೆಗೆ ಕರೆಂಟ್’ ಎಂದು ಕೇಳಿಯೇ ಅಮ್ಮ ಅತ್ತಿದ್ದರು. ಆದರೆ ಅದು ಕೇವಲ 2 ಮಿಲಿಆಂಪಿಯರ್; ಉಪ್ಪುನೀರಿನಲ್ಲಿ ನೆನೆಸಿದ ಸ್ಪಂಜುಗಳ ಮೂಲಕ, ದಿನಕ್ಕೆ 20 ನಿಮಿಷ. ಅಪ್ಪನಿಗೆ ಸ್ವಲ್ಪ ತುರಿಸಿತು, ಅಷ್ಟೇ. ಅದು ತಾನಾಗಿ ಮಾತು ತರುವುದಿಲ್ಲ. ಮಿದುಳು ಕಲಿಕೆಗೆ ಹದವಾಗಲಿ ಎಂದು ಕೊಡುತ್ತಾರೆ. ಆ ಹೊತ್ತಿನಲ್ಲೇ ವಾಕ್ ಚಿಕಿತ್ಸಕಿ ಚಿತ್ರ ತೋರಿಸಿ ಹೆಸರು ಹೇಳಿಸುತ್ತಾರೆ.

ಮೊದಲ ವಾರ ಫ್ರಿಜ್, ಲಿಫ್ಟ್ ಚಿತ್ರಗಳ ಮುಂದೆ ಅಪ್ಪ ಸುಮ್ಮನೆ ಕುಳಿತರು. ನಮ್ಮ ಅಡಿಕೆ ತೋಟದ ಫೋಟೊಗಳನ್ನು ಕೊಟ್ಟೆ: ಗೊನೆ ಕೊಯ್ಯುವ ದೋಟಿ, ಹಾಳೆ, ಸಿಂಗಾರದ ಹೂ. ಒಂಬತ್ತನೆಯ ದಿನ ತಡವರಿಸುತ್ತ ‘ಗೊನೆ’ ಎಂದರು. ನಾನು ಹೊರಗೆ ಹೋಗಿ ಅತ್ತುಬಿಟ್ಟೆ.

ಇದು ಯಂತ್ರದ ಫಲವೋ ಅಭ್ಯಾಸದ ಫಲವೋ, ನಾನು ಹೇಳಲಾರೆ. ವೈದ್ಯರೂ ಹೆಚ್ಚು ಆಸೆ ಹುಟ್ಟಿಸಲಿಲ್ಲ: ವಸ್ತುಗಳ ಹೆಸರು ಹೇಳುವುದರಲ್ಲಿ ಸುಧಾರಣೆ ಕಾಣಬಹುದು, ದಿನನಿತ್ಯದ ಸಂಭಾಷಣೆಗೆ ಪುರಾವೆ ಇನ್ನೂ ದುರ್ಬಲ ಎಂದರು. ಮೂರ್ಛೆರೋಗವಿದ್ದರೆ, ತಲೆಯೊಳಗೆ ಲೋಹವಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿ. ಮನೆಯಲ್ಲಿ ತಾವಾಗಿ ಪ್ರಯತ್ನಿಸಲೇಬೇಡಿ.

ಈಗ ದಿನವೂ ಸಂಜೆ ಜಗಲಿಯಲ್ಲಿ ಅಮ್ಮನೇ ಫೋಟೊ ಹಿಡಿದು ಕೂರುತ್ತಾರೆ. ನಿನ್ನೆ ಅಪ್ಪ ಅಮ್ಮನ ಹೆಸರು ಹೇಳಿದರು.